ಹತ್ತು ಅಡಿಯ ಕಾರಿನಲ್ಲಿ ಬ್ರೇಕಿಗೊಂದು ಜಾಗ

1956ರ ಜುಲೈ ತಿಂಗಳಿನಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ಅದರ ಬೆನ್ನಿಗೇ ನಡೆದ ಯುದ್ಧದಿಂದ ಕಾಲುವೆ ಮುಚ್ಚಿತು. ಡಿಸೆಂಬರಿನ ಹೊತ್ತಿಗೆ ಬ್ರಿಟನ್ನಿನಲ್ಲಿ ಪೆಟ್ರೋಲಿಗೂ ಪಡಿತರ ಚೀಟಿ ಬಂದಿತು. ಅಲ್ಪ ಇಂಧನದಲ್ಲಿ ಓಡುವ, ನೀರುಗುಳ್ಳೆಯ ಆಕಾರದ ಜರ್ಮನ್ ಪುಟ್ಟ ವಾಹನಗಳು ಇಲ್ಲಿನ ಬೀದಿಗಳಲ್ಲಿ ಕಾಣಿಸಿಕೊಂಡವು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥ ಲಿಯೊನಾರ್ಡ್ ಲಾರ್ಡ್ ಅವರಿಗೆ ಆ 'ಬಬಲ್ ಕಾರು'ಗಳು ಕಣ್ಣಿಗೆ ಬಿದ್ದರೂ ಆಗುತ್ತಿರಲಿಲ್ಲ. ನಾಲ್ವರು ಕುಳಿತುಕೊಳ್ಳಬಲ್ಲ ನಿಜವಾದ ಸಣ್ಣ ಕಾರೊಂದನ್ನು ಬೇಗನೆ ತಯಾರಿಸಿ ಎಂದು ಅವರು ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರಿಗೆ ಆದೇಶಿಸಿದರು. ಷರತ್ತು ಒಂದೇ: ಕಂಪನಿಯಲ್ಲಿ ಆಗಲೇ ತಯಾರಾಗುತ್ತಿದ್ದ ಎಂಜಿನನ್ನೇ ಬಳಸಬೇಕು.

ಇಸಿಗೋನಿಸ್ ಕೂಡ ನಮ್ಮಂತೆಯೇ ಹೊರಗಿನಿಂದ ಬಂದವರು. 1906ರಲ್ಲಿ, ಇಂದು ಟರ್ಕಿಯ ಇಜ್ಮಿರ್ ಎನಿಸಿಕೊಂಡಿರುವ ಸ್ಮಿರ್ನಾ ನಗರದಲ್ಲಿ ಜನಿಸಿದರು. 1922ರ ಯುದ್ಧದ ಹಾವಳಿಯಲ್ಲಿ ಕುಟುಂಬವು ಊರನ್ನು ತೊರೆಯಬೇಕಾಯಿತು. ತಂದೆ ತೀರಿಕೊಂಡ ಮೇಲೆ ತಾಯಿಯೊಡನೆ ಇಂಗ್ಲೆಂಡಿಗೆ ಬಂದು, ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್‌ನಲ್ಲಿ ಓದಿದರು. ಮುಂದೆ ಇಡೀ ದೇಶವು ತನ್ನದೆಂದು ಅಭಿಮಾನಪಡುವ ಕಾರನ್ನು ರೂಪಿಸಿದವರು ಈ ವಲಸಿಗರೇ. 1959ರ ಆಗಸ್ಟ್ 26ರಂದು 'ಮಿನಿ' ಜನರ ಮುಂದೆ ಬಂದಿತು.

ಕಾರಿನ ಉದ್ದ ಕೇವಲ 10 ಅಡಿ. ಅದರಲ್ಲಿ ನೆಲದ ಸುಮಾರು ಶೇಕಡ 80 ಭಾಗ ಪ್ರಯಾಣಿಕರಿಗೂ ಅವರ ಸಾಮಾನಿಗೂ ಮೀಸಲು. ಉಳಿದದ್ದರಲ್ಲಿ ಯಂತ್ರವೆಲ್ಲವೂ ಅಡಗಬೇಕು. ಇದಕ್ಕಾಗಿ ಇಸಿಗೋನಿಸ್ ಎಂಜಿನನ್ನು ಅಡ್ಡಲಾಗಿ ಕೂರಿಸಿದರು. ಗೇರ್‌ಬಾಕ್ಸನ್ನು ಅದರ ಪಕ್ಕದಲ್ಲಿಡದೆ ಕೆಳಗಿನ ಎಣ್ಣೆಯ ತೊಟ್ಟಿಯೊಳಗೇ ಇರಿಸಿದರು. ರೇಡಿಯೇಟರನ್ನು ಮುಂಭಾಗದಿಂದ ತೆಗೆದು ಪಕ್ಕಕ್ಕೆ ಸರಿಸಿದರು. ಚಕ್ರದ ಗೂಡುಗಳು ಪ್ರಯಾಣಿಕರ ಕಾಲಿನ ಜಾಗವನ್ನು ಕಬಳಿಸಬಾರದೆಂದು ಕೇವಲ 10 ಇಂಚಿನ ಚಕ್ರಗಳನ್ನು ಆರಿಸಿಕೊಂಡರು. ಬಾನೆಟ್ ಎತ್ತಿ ನೋಡಿದರೆ ಕೈ ತೂರಿಸಲೂ ಸ್ಥಳವಿಲ್ಲದ ಆ ಇಕ್ಕಟ್ಟು ಅಜಾಗರೂಕತೆಯಿಂದ ಉಂಟಾದುದಲ್ಲ. ಮನುಷ್ಯನಿಗೆ ಸ್ಥಳ ಬಿಟ್ಟುಕೊಟ್ಟು ಯಂತ್ರವು ಮುದುರಿಕೊಂಡುದರ ಫಲ ಅದು. ಆದರೆ ಈ ತ್ಯಾಗದ ಬೆಲೆಯನ್ನು ಹೆಚ್ಚಾಗಿ ತೆತ್ತ ಭಾಗ ಬ್ರೇಕು.

ಮೊದಲ ಮಿನಿಯ ನಾಲ್ಕು ಚಕ್ರಗಳಲ್ಲಿಯೂ 7 ಇಂಚಿನ ಡ್ರಮ್ ಬ್ರೇಕುಗಳಿದ್ದವು. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಬ್ರೇಕ್ ಆಯಿಲ್ ಒಂದೇ ಕೊಳವೆಯ ಜಾಲದಲ್ಲಿ ನಾಲ್ಕೂ ಚಕ್ರಗಳನ್ನು ತಲುಪುತ್ತಿತ್ತು. ಎಲ್ಲಿಯಾದರೂ ಒಂದು ಕಡೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೆ ಹೋಗುವ ವ್ಯವಸ್ಥೆ ಅದು. ಆ ಕಾಲದ ಕಾರುಗಳಲ್ಲಿ ಇದು ಸಾಮಾನ್ಯವಾಗಿತ್ತು. 848 ಸಿಸಿಯ, 34 ಅಶ್ವಶಕ್ತಿಯ ಎಂಜಿನಿಗೆ ಈ ಬ್ರೇಕು ಸಾಕೆಂದು ಭಾವಿಸಲಾಗಿತ್ತು.

ಡ್ರಮ್ ಬ್ರೇಕಿನ ಗುಣದೋಷಗಳನ್ನು ನಮ್ಮ ಘಟ್ಟದ ರಸ್ತೆಗಳನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಆಕ್ಸ್‌ಫರ್ಡಿನ ಕೌಲಿಯಲ್ಲಿ ಹುಟ್ಟಿದ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯೇ ನಮ್ಮಲ್ಲಿ ಅಂಬಾಸಿಡರ್ ಆಯಿತು. ಮಿನಿಯೂ ಅದೇ ಸಂಸ್ಥೆಯ ಕೂಸು. ದಶಕಗಳ ಕಾಲ ಅಂಬಾಸಿಡರಿಗೂ ಡ್ರಮ್ ಬ್ರೇಕುಗಳೇ ಇದ್ದವು. ಆಗುಂಬೆಯಲ್ಲಿಯೋ ಚಾರ್ಮಾಡಿಯಲ್ಲಿಯೋ ಇಳಿಯುವಾಗ ಅನುಭವಿ ಚಾಲಕರು ಬ್ರೇಕನ್ನೇ ನೆಚ್ಚದೆ ಗೇರನ್ನು ತಗ್ಗಿಸುತ್ತಿದ್ದುದಕ್ಕೆ ಕಾರಣವಿದೆ. ಡ್ರಮ್ಮಿನೊಳಗೆ ಹುಟ್ಟಿದ ಶಾಖ ಬೇಗನೆ ಹೊರಹೋಗಲಾರದು. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಲೈನರಿನ ಘರ್ಷಣೆಯೂ ಕುಗ್ಗುತ್ತದೆ. ಸುಟ್ಟ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಪೆಡಲ್ ಆಳಕ್ಕೆ ಇಳಿದಿರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವಾದ ಡಿಸ್ಕ್ ಬ್ರೇಕು ಹೊಸದೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದರು. ದ್ರವದ ಒತ್ತಡದಿಂದ ನಾಲ್ಕು ಚಕ್ರಗಳನ್ನೂ ಹಿಡಿಯುವ ಬ್ರೇಕು 1921ರ ಸುಮಾರಿಗೆ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನಲ್ಲಿ ಬಂದಿತು. ಆದರೂ ಡಿಸ್ಕಿನ ಯೋಗ್ಯತೆ ಲೋಕಕ್ಕೆ ಮನವರಿಕೆಯಾದುದು 1953ರ ಲೆ ಮಾನ್ಸ್ ಪಂದ್ಯದಲ್ಲಿ. ಡನ್ಲಪ್ ಡಿಸ್ಕ್ ಬ್ರೇಕು ತೊಟ್ಟ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಗೆದ್ದರು. ಹೆಚ್ಚು ಬಲವಾದ ಎಂಜಿನಿನ ಕಾರುಗಳು ತಿರುವಿಗೆ ಬಹು ಮುಂಚೆಯೇ ವೇಗವಿಳಿಸಬೇಕಾಗಿದ್ದಾಗ, ಜಾಗ್ವಾರ್ ಕೊನೆಯ ಕ್ಷಣದವರೆಗೆ ಓಡಿ ಬ್ರೇಕ್ ಹಾಕಬಲ್ಲದಾಗಿತ್ತು. ಚೆನ್ನಾಗಿ ನಿಲ್ಲಬಲ್ಲವನೇ ವೇಗವಾಗಿ ಓಡಬಲ್ಲನೆಂಬುದು ಆ ದಿನ ಸಾಬೀತಾಯಿತು.

ಮಿನಿಗೆ ಈ ಪಾಠವನ್ನು ತಂದವರು ರೇಸ್ ಕಾರುಗಳ ನಿರ್ಮಾಪಕ ಜಾನ್ ಕೂಪರ್. 1959 ಮತ್ತು 1960ರಲ್ಲಿ ಅವರ ಕಾರುಗಳು ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿಯನ್ನು ಗೆದ್ದಿದ್ದವು. 1961ರ ಮಿನಿ ಕೂಪರಿನಲ್ಲಿ ಎಂಜಿನ್ 997 ಸಿಸಿಗೆ, ಶಕ್ತಿ 55 ಅಶ್ವಶಕ್ತಿಗೆ ಏರಿತು. ಜೊತೆಗೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಬಂದಿತು. ಆದರೆ 10 ಇಂಚಿನ ಚಕ್ರದ ಒಳಗೆ ಎಷ್ಟು ದೊಡ್ಡ ಡಿಸ್ಕನ್ನು ತಾನೆ ಇರಿಸಬಹುದು? 7 ಇಂಚಿನದು ಮಾತ್ರ ಹಿಡಿಸಿತು. ಕಾಲಿಗೆ ಜಾಗ ಬಿಟ್ಟುಕೊಡಲು ಚಿಕ್ಕದಾದ ಚಕ್ರ ಈಗ ಬ್ರೇಕಿನ ಅಳತೆಯನ್ನೂ ನಿರ್ಬಂಧಿಸಿತು. 1963ರ ಕೂಪರ್ ಎಸ್ ಮಾದರಿಯಲ್ಲಿ ಡಿಸ್ಕು 7.5 ಇಂಚಿಗೆ ಬೆಳೆಯಿತು. ಅರ್ಧ ಇಂಚಿನ ಆ ಗಳಿಕೆಯ ಜೊತೆಗೆ ಸರ್ವೊ ಎಂಬ ಸಹಾಯಕ ಯಂತ್ರವೂ ಸೇರಿತು. ಮರುವರ್ಷವೇ ಪ್ಯಾಡಿ ಹಾಪ್‌ಕರ್ಕ್ ಮತ್ತು ಹೆನ್ರಿ ಲಿಡನ್ ಅವರು ಹಿಮ ತುಂಬಿದ ಆಲ್ಪ್ಸ್ ರಸ್ತೆಗಳಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಗೆದ್ದುದು ಇಂತಹ ಕಾರಿನಲ್ಲಿಯೇ.

ಸರ್ವೊ ಏಕೆ ಬೇಕಾಯಿತು? ಡ್ರಮ್ಮಿನಲ್ಲಿ ತಿರುಗುವ ಡ್ರಮ್ಮೇ ಮುಂದಿನ ಶೂವನ್ನು ತನ್ನತ್ತ ಎಳೆದುಕೊಂಡು ಹಿಡಿತವನ್ನು ಹೆಚ್ಚಿಸುತ್ತದೆ. ಡಿಸ್ಕಿನಲ್ಲಿ ಈ ಅನುಕೂಲವಿಲ್ಲ. ಕಾಲೇ ಪೂರ್ತಿ ಬಲವನ್ನು ಕೊಡಬೇಕು. ಈ ಭಾರವನ್ನು ಹಂಚಿಕೊಳ್ಳಲು 1920ರ ದಶಕದಲ್ಲಿಯೇ ಬೆಲ್ಜಿಯಮ್ಮಿನ ಆಲ್ಬರ್ಟ್ ಡಿವಾಂಡ್ರ್ ಒಂದು ಉಪಾಯವನ್ನು ಕಂಡುಹಿಡಿದಿದ್ದರು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಹೀರುವ ಕೊಳವೆಯಲ್ಲಿ ಭಾಗಶಃ ನಿರ್ವಾತ ಉಂಟಾಗಿರುತ್ತದೆ. ಅದನ್ನು ಡಬ್ಬಿಯೊಂದರೊಳಗಿನ ಪೊರೆಯ ಒಂದು ಬದಿಗೆ ಜೋಡಿಸಿ, ಬ್ರೇಕ್ ತುಳಿದಾಗ ಇನ್ನೊಂದು ಬದಿಗೆ ಹೊರಗಿನ ಗಾಳಿಯನ್ನು ಬಿಟ್ಟರೆ ವಾತಾವರಣವೇ ಪೊರೆಯನ್ನು ತಳ್ಳುತ್ತದೆ. 7 ಇಂಚು ವ್ಯಾಸದ ಪೊರೆಯ ಮೇಲೆ ಚದರ ಸೆಂಟಿಮೀಟರಿಗೆ 0.7 ಕಿಲೋ ಒತ್ತಡದ ವ್ಯತ್ಯಾಸವಿದ್ದರೂ ಸುಮಾರು 170 ಕಿಲೋ ಭಾರದಷ್ಟು ಬಲ ದೊರೆಯುತ್ತದೆ.

ಆದರೆ ಆ ಡಬ್ಬಿಯನ್ನು ಇಡುವುದೆಲ್ಲಿ? ಇಂದು ಹಳೆಯ ಮಿನಿಗೆ ಉತ್ತಮ ಬ್ರೇಕು ಅಳವಡಿಸಲು ಹೊರಟವರೆಲ್ಲರೂ ಎದುರಿಸುವ ಪ್ರಶ್ನೆಯಿದು. ಎಂಜಿನಿಗೂ ಪ್ರಯಾಣಿಕರಿಗೂ ನಡುವಿನ ತಗಡಿನ ಗೋಡೆಯ ಬಳಿ ಬ್ರೇಕ್ ಮತ್ತು ಕ್ಲಚ್ಚಿನ ಸಿಲಿಂಡರುಗಳು ಒತ್ತಾಗಿ ನಿಂತಿವೆ. ಕಾರ್ಬ್ಯುರೇಟರ್ ಇರುವುದೂ ಅದೇ ಗೋಡೆಯ ಕಡೆಗೆ, ಬಿಸಿ ಹೊಗೆಯ ಕೊಳವೆಗಳು ಹೊರಡುವುದೂ ಅಲ್ಲಿಂದಲೇ. ಆಧುನಿಕ ಕಾರುಗಳಂತೆ ಪೆಡಲಿನ ನೇರದಲ್ಲಿ ದಪ್ಪ ಸರ್ವೊವನ್ನು ಕೂರಿಸಲು ಹೋದರೆ ಒಂದಲ್ಲ ಒಂದು ಭಾಗ ಅಡ್ಡಬರುತ್ತದೆ. ಇದಕ್ಕೆ ಅರವತ್ತರ ದಶಕದವರು ಕಂಡುಕೊಂಡ ಉತ್ತರ, ಪೆಡಲಿನಿಂದ ದೂರವಿರುವ ಸರ್ವೊ. ಪೆಡಲಿಗೂ ಅದಕ್ಕೂ ಸಲಾಕೆಯ ನಂಟಿಲ್ಲ. ಮಾಸ್ಟರ್ ಸಿಲಿಂಡರಿನಿಂದ ಬಂದ ದ್ರವದ ಒತ್ತಡವೇ ಅದಕ್ಕೆ ಸಂದೇಶ. ಆದ್ದರಿಂದ ಕೊಳವೆ ತಲುಪುವ ಯಾವ ಮೂಲೆಯಲ್ಲಿಯಾದರೂ ಅದನ್ನು ಇರಿಸಬಹುದು.

ಈ ಸ್ವಾತಂತ್ರ್ಯಕ್ಕೂ ನಿಯಮಗಳುಂಟು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಆದ್ದರಿಂದ ಕೊಳವೆ ಬಿಸಿ ಭಾಗಗಳ ಬಳಿ ಸುಳಿಯಬಾರದು. ಸರ್ವೊದೊಳಗೆ ಗಾಳಿಗುಳ್ಳೆ ಉಳಿಯದಂತೆ ತಯಾರಕರು ಹೇಳಿದ ಓರೆಯಲ್ಲಿಯೇ ಅದನ್ನು ಬಿಗಿಯಬೇಕು. ಹಳೆಯ ಕಾರಿನ ಇಂಚಿನ ಮರೆಗೂ ಹೊಸ ಭಾಗದ ಮಿಲಿಮೀಟರ್ ಮರೆಗೂ ಕಣ್ಣಿಗೆ ಕಾಣುವ ವ್ಯತ್ಯಾಸ ಅತ್ಯಲ್ಪ. ಒಂದನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಆ ದಿನ ಸೋರದೆ ಇರಬಹುದು, ಜೋರಾಗಿ ಬ್ರೇಕ್ ಹಾಕಿದ ದಿನ ಕೈಕೊಡಬಹುದು. ಒಂದೇ ಜಾಲದ ಹಳೆಯ ಸಿಲಿಂಡರಿನ ಬದಲಿಗೆ ಎರಡು ಪ್ರತ್ಯೇಕ ಜಾಲಗಳ ಸಿಲಿಂಡರನ್ನು ಹಾಕುವುದು ನನ್ನ ದೃಷ್ಟಿಯಲ್ಲಿ ಸರ್ವೊಗಿಂತಲೂ ಮುಖ್ಯ. ಅದು ಉದ್ದವಾದುದರಿಂದ ಜಾಗದ ಲೆಕ್ಕಾಚಾರ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಆದರೆ ಒಂದು ಕೊಳವೆ ಒಡೆದರೂ ಅರ್ಧದಷ್ಟು ಬ್ರೇಕು ಉಳಿಯುತ್ತದೆ. ದೇಹದಲ್ಲಿ ಮೂತ್ರಪಿಂಡಗಳು ಎರಡಿರುವುದರ ಬೆಲೆಯನ್ನು ಬಲ್ಲ ವೈದ್ಯನಿಗೆ ಇದನ್ನು ಒಪ್ಪಲು ಕಷ್ಟವಾಗದು.

ಸರ್ವೊ ಕುರಿತು ಒಂದು ತಪ್ಪು ಕಲ್ಪನೆಯೂ ಪ್ರಚಲಿತವಾಗಿದೆ. ಅದು ಕಾಲಿನ ಶ್ರಮವನ್ನು ಇಳಿಸುತ್ತದೆಯೇ ಹೊರತು ಟೈರಿನ ಹಿಡಿತವನ್ನು ಹೆಚ್ಚಿಸುವುದಿಲ್ಲ. ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಅಂಗೈಯಗಲದ ಸ್ಪರ್ಶ. ಮಿನಿಯ ಭಾರವೆಲ್ಲ ಹೆಚ್ಚಾಗಿ ಮುಂದಿರುವುದರಿಂದ ಹಿಂದಿನ ಚಕ್ರಗಳು ಮೊದಲೇ ಬಿಗಿದುಕೊಂಡು ಕಾರು ತಿರುಗಿಬಿಡಬಾರದೆಂದು ಇಸಿಗೋನಿಸ್ ಹಿಂದಿನ ಒತ್ತಡವನ್ನು ಮಿತಗೊಳಿಸುವ ಕವಾಟವನ್ನಿಟ್ಟಿದ್ದರು. ಬ್ರೇಕು ಬದಲಿಸುವವರು ಈ ಸಮತೋಲವನ್ನು ಮರೆಯುವಂತಿಲ್ಲ.

ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕೆಂಬ ವಾದಕ್ಕೂ ಗೌರವ ಸಲ್ಲಬೇಕು. 2018ರ ಮೇ ತಿಂಗಳಿನಿಂದ ಇಲ್ಲಿ 40 ವರ್ಷ ದಾಟಿದ, ಗಣನೀಯವಾಗಿ ಮಾರ್ಪಡಿಸದ ಕಾರುಗಳಿಗೆ ವಾರ್ಷಿಕ ಎಂಒಟಿ ಪರೀಕ್ಷೆಯೂ ಕಡ್ಡಾಯವಲ್ಲ. ಆದರೆ ಕಾರು ಸುಸ್ಥಿತಿಯಲ್ಲಿರಬೇಕಾದ ಹೊಣೆ ಮಾಲೀಕರ ಮೇಲೆ ಹಾಗೆಯೇ ಇದೆ. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸುವುದೂ ಆವಶ್ಯಕ. ಹೈವೇ ಕೋಡ್ ಪ್ರಕಾರ ಗಂಟೆಗೆ 30 ಮೈಲಿ ವೇಗದಲ್ಲಿ ನಿಲ್ಲಲು 23 ಮೀಟರ್ ಬೇಕಾದರೆ, 70 ಮೈಲಿಯಲ್ಲಿ 96 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ತಡೆಯಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡಿದವರು ಈ ಲೆಕ್ಕವನ್ನು ಮುರಿದ ಮೂಳೆಗಳಲ್ಲಿ ಓದಿರುತ್ತಾರೆ. 1959ರಲ್ಲಿ ಮಿನಿಯ ಮುಂದೆ ಸಾಗುತ್ತಿದ್ದ ಕಾರಿಗೂ ಅಂತಹುದೇ ಬ್ರೇಕಿತ್ತು. ಇಂದು ಮುಂದಿರುವ ಕಾರು ನಿಲ್ಲುವಷ್ಟು ಬೇಗ ಅದು ನಿಲ್ಲಲಾರದು. ಪ್ರದರ್ಶನಕ್ಕಿಡುವ ಕಾರಿಗೆ ಮೂಲ ಡ್ರಮ್ಮುಗಳೇ ಶೋಭೆ. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮೋಟಾರುದಾರಿಗೆ ಇಳಿಯುವ ಕಾರಿನ ವಿಷಯ ಬೇರೆ.

ಕಾರ್ಖಾನೆಯೇ ಈ ತೀರ್ಮಾನಕ್ಕೆ ನಿಧಾನವಾಗಿ ಬಂದಿತೆಂಬುದನ್ನು ಇತಿಹಾಸ ತೋರಿಸುತ್ತದೆ. ಎರಡು ಜಾಲಗಳ ಬ್ರೇಕು ಎಪ್ಪತ್ತರ ದಶಕದಲ್ಲಿ ಬಂದಿತು. 1984ರಲ್ಲಿ ಎಲ್ಲ ಮಿನಿಗಳಿಗೂ 12 ಇಂಚಿನ ಚಕ್ರ, 8.4 ಇಂಚಿನ ಡಿಸ್ಕು ದೊರೆತವು. ಎಂಬತ್ತರ ದಶಕದ ಕೊನೆಗೆ ಸರ್ವೊ ಕೂಡ ಆ ಇಕ್ಕಟ್ಟಿನಲ್ಲಿ ತನ್ನ ಮೂಲೆಯನ್ನು ಕಂಡುಕೊಂಡಿತು. 2000ದ ಅಕ್ಟೋಬರಿನಲ್ಲಿ ಉತ್ಪಾದನೆ ನಿಲ್ಲುವ ವೇಳೆಗೆ 53 ಲಕ್ಷಕ್ಕೂ ಹೆಚ್ಚು ಮಿನಿಗಳು ತಯಾರಾಗಿದ್ದವು. ಕೌಲಿಯಲ್ಲಿ ತಯಾರಾದ ಮೊದಲನೆಯದು, 621 ಎಒಕೆ ಸಂಖ್ಯೆಯ ಬಿಳಿಯ ಕಾರು, ವಾರಿಕ್‌ಷೈರಿನ ಗೇಡನ್ ಊರಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಮ್ಮಿನಲ್ಲಿದೆ. ರಜೆಯ ದಿನಗಳಲ್ಲಿ ಮಕ್ಕಳೊಡನೆ ಹೋದಾಗ ಅದರ ಚಕ್ರದ ಗಾತ್ರವನ್ನು ಅವರಿಗೆ ತೋರಿಸಿ. ಅಷ್ಟು ಪುಟ್ಟ ಚಕ್ರದೊಳಗೆ ಬ್ರೇಕು ಹೇಗೆ ಹಿಡಿಸಿತೆಂದು ಅವರು ಕೇಳಿದರೆ, ಹೇಳಲು ಈಗ ನಿಮ್ಮ ಬಳಿ ಒಂದು ಕಥೆಯಿದೆ.