ಸಿಲ್ವರ್ ತಪ್ಪಲೆಯ ಮೇಲಿನ ಆಪಾದನೆಗಳು

ಚಿನ್ನದ ಗಣಿಗೆ ಇಳಿಯುವವರಿಗೆ ಅಲ್ಯೂಮಿನಿಯಂ ಪುಡಿಯನ್ನು ಔಷಧವೆಂದು ಉಸಿರಾಡಿಸಿದ ಕಾಲವೊಂದಿತ್ತು. ಕೆನಡಾದ ಒಂಟಾರಿಯೊ ಪ್ರಾಂತ್ಯದ ಮೆಕಿಂಟೈರ್ ಗಣಿಯಲ್ಲಿ ಹುಟ್ಟಿದ ಈ ಚಿಕಿತ್ಸೆ 1943ರಿಂದ 1979ರವರೆಗೆ ನಡೆಯಿತು. ಪಾಳಿಗೆ ಮುನ್ನ ಕಾರ್ಮಿಕರು ಬಟ್ಟೆ ಬದಲಿಸುವ ಕೋಣೆಯ ಬಾಗಿಲು ಮುಚ್ಚಿ, ಹತ್ತು ನಿಮಿಷದಷ್ಟು ಹೊತ್ತು ಕಪ್ಪು ನುಣುಪು ಪುಡಿಯನ್ನು ಊದುತ್ತಿದ್ದರು. ಬಂಡೆ ಕೊರೆಯುವಾಗ ಏಳುವ ಸಿಲಿಕಾ ಕಣಗಳಿಗೆ ಅಲ್ಯೂಮಿನಿಯಂ ಮೆತ್ತಿಕೊಂಡರೆ ಶ್ವಾಸಕೋಶ ಉಳಿಯುತ್ತದೆ ಎಂಬುದು ಗಣಿ ಕಂಪನಿಯವರ ಲೆಕ್ಕ. ಆ ಲೆಕ್ಕ ತಪ್ಪಿತ್ತು.

ಯಾವ ಕಾಯಿಲೆಗೆ ಆ ಮದ್ದು ಹುಡುಕಿದರೋ ಆ ಕಾಯಿಲೆ ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನವರಿಗೆ ಹೇಳಿಕೊಡಬೇಕಾದದ್ದಲ್ಲ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಚಾಂಪಿಯನ್ ರೀಫ್‌ನಂಥ ಗಣಿಗಳು ಅದನ್ನು ಮನೆಮನೆಗೂ ಹಂಚಿದ್ದವು. 1940ರಿಂದ 1946ರ ನಡುವೆ ಕೋಲಾರದ ಗಣಿಗಳಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತ್ತು. ಗಣಿ ಕಾರ್ಮಿಕರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಸಂಸ್ಥೆಯೊಂದು 1990ರಲ್ಲಿ ಕೆಜಿಎಫ್‌ನಲ್ಲೇ ಆರಂಭವಾಯಿತು. ಆಮೇಲೆ ಅದು ನಾಗಪುರಕ್ಕೆ ಹೋಯಿತು. 2001ರ ಫೆಬ್ರುವರಿ 28ರಂದು ಗಣಿಯೂ ಮುಚ್ಚಿತು. ಕೆಮ್ಮು ಮಾತ್ರ ಊರಲ್ಲೇ ಉಳಿಯಿತು.

ಅಲ್ಯೂಮಿನಿಯಂ ‘ಸಿಲ್ವರ್’ ಎಂದು ಕರೆಸಿಕೊಂಡು ನಮ್ಮ ಅಡುಗೆಮನೆಗೆ ಬಂದ ದಾರಿ ಬೇರೆ. ಬ್ರಿಟಿಷರು ಕೈದಿಗಳ ಬುದ್ಧಿ ಮಂಕು ಮಾಡಲೆಂದು ಜೈಲುಗಳಲ್ಲಿ ಈ ಪಾತ್ರೆ ಕೊಟ್ಟರು ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತು ಹೊಡೆಯುತ್ತದೆ. ಕೇಳಲು ಚೆನ್ನಾಗಿದೆ, ಆಧಾರವಿಲ್ಲ. ದಾಖಲೆಯಲ್ಲಿರುವುದು ಇಷ್ಟು: ಮದರಾಸಿನ ಕಲಾಶಾಲೆಯಲ್ಲಿದ್ದ ಆಲ್‌ಫ್ರೆಡ್ ಚಾಟರ್‌ಟನ್ 1898ರಲ್ಲಿ ಪಾತ್ರೆ ಬಡಿಯುವ ಕುಶಲಕರ್ಮಿಗಳಿಗೆ ಹೊಸ ಕಸುಬು ಸಿಗಲೆಂದು ಅಲ್ಯೂಮಿನಿಯಂ ಕೆಲಸ ಆರಂಭಿಸಿದರು, 1900ರಲ್ಲಿ ಅದಕ್ಕೊಂದು ಕಂಪನಿಯೂ ಹುಟ್ಟಿತು. ಇದೇ ಚಾಟರ್‌ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾಗಿ ಬಂದರು. ಕಲಾಯಿ ಬೇಡದ, ಬೇಗ ಕಾಯುವ, ಕೈಗೆ ಹಗುರವಾದ ಪಾತ್ರೆ ಬಡವರ ಮನೆಗೆ ಒಗ್ಗಿತು. 1959ರ ಹೊತ್ತಿಗೆ ಪ್ರೆಸ್ಟೀಜ್, ಹಾಕಿನ್ಸ್ ಕುಕ್ಕರ್‌ಗಳು ಬಂದ ಮೇಲೆ ಉಳ್ಳವರ ಮನೆಗೂ ಹೊಕ್ಕಿತು.

ಅನುಮಾನ ಮೊದಲು ಮೂಡಿದ್ದು ಪ್ರಯೋಗಾಲಯದಲ್ಲಿ. 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿದಾಗ ನರಕೋಶಗಳೊಳಗೆ ಎಳೆಗಳ ಗಂಟು ಕಾಣಿಸಿತು. 1973ರಲ್ಲಿ ಕೆನಡಾದ ಕ್ರ್ಯಾಪರ್, ಕೃಷ್ಣನ್ ಮತ್ತು ಡಾಲ್ಟನ್, ಆಲ್ಜೈಮರ್ ರೋಗಿಗಳ ಮಿದುಳಿನಲ್ಲಿ ಈ ಲೋಹ ಹೆಚ್ಚಿದೆ ಎಂದು ಬರೆದರು. ಅಲ್ಲಿಂದ ಮುಂದೆ ಪತ್ರಿಕೆಗಳಿಗೆ ಸುಗ್ಗಿ. ಮೊಲದ ಗಂಟು ಬೇರೆ ಬಗೆಯದು, ಆಲ್ಜೈಮರ್ ಗಂಟು ಬೇರೆ ಬಗೆಯದು ಎಂದು ಆಮೇಲೆ ಸ್ಪಷ್ಟವಾಯಿತು. ಇತರರು ಅಳೆದಾಗ 1973ರ ಫಲಿತಾಂಶ ಎಲ್ಲ ಕಡೆಯೂ ಸಿಗಲಿಲ್ಲ. ಪಾತ್ರೆಯಿಂದ ಮರೆವು ಬರುತ್ತದೆ ಎಂಬುದು ಇವತ್ತಿಗೂ ಸಾಬೀತಾಗಿಲ್ಲ. ನನ್ನ ಮಟ್ಟಿಗೆ ಆ ಭಯವನ್ನು ಬದಿಗಿಡಬಹುದು.

ಆದರೆ 1976ರ ವರದಿಯನ್ನು ಬದಿಗಿಡಲಾಗದು. ಅಮೆರಿಕದ ಆಲ್‌ಫ್ರೇ ಮತ್ತು ಸಂಗಡಿಗರು ಡಯಾಲಿಸಿಸ್ ರೋಗಿಗಳಲ್ಲಿ ಮಾತು ತೊದಲಿ, ಸೆಳೆತ ಬಂದು ಸಾವಿನಲ್ಲಿ ಮುಗಿಯುವ ಮಿದುಳಿನ ಕಾಯಿಲೆಗೆ ಅಲ್ಯೂಮಿನಿಯಂ ಕಾರಣವಿರಬಹುದೆಂದು ತೋರಿಸಿದರು. ನಾವು ನುಂಗಿದ ಅಲ್ಯೂಮಿನಿಯಂನಲ್ಲಿ ರಕ್ತ ಸೇರುವುದು ಸಾವಿರದಲ್ಲಿ ಒಂದೆರಡು ಪಾಲು. ಅದನ್ನೂ ಮೂತ್ರಪಿಂಡ ಹೊರಹಾಕುತ್ತದೆ. ಡಯಾಲಿಸಿಸ್‌ನಲ್ಲಿ ನೀರು ಕರುಳನ್ನು ದಾಟಿ ಬರುವುದಿಲ್ಲ, ರಕ್ತಕ್ಕೇ ಎದುರಾಗುತ್ತದೆ. ಹೊರಹಾಕಬೇಕಾದ ಮೂತ್ರಪಿಂಡವೂ ಸೋತಿರುತ್ತದೆ. ಹೀಗಾಗಿ ಕುಡಿಯುವ ನೀರಿನಲ್ಲಿ ಲೀಟರಿಗೆ 0.03 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 0.2ರವರೆಗೆ ಅಲ್ಯೂಮಿನಿಯಂ ಇರಬಹುದೆಂದು ಭಾರತೀಯ ಮಾನಕ ಹೇಳಿದರೆ, ಡಯಾಲಿಸಿಸ್ ನೀರಿನ ಮಿತಿ 0.01. ಮೂತ್ರಪಿಂಡ ಕೆಟ್ಟವರು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಗ್ಯಾಸ್ಟ್ರಿಕ್ ಔಷಧಿಯನ್ನು ಅಂಗಡಿಯಿಂದ ತಾವೇ ತಂದು ಕುಡಿಯಬಾರದು ಎನ್ನುವುದೂ ಇದೇ ಕಾರಣಕ್ಕೆ.

ನೀರಿನ ವಿಚಾರದಲ್ಲಿ ಜಗತ್ತು ನೆನಪಿಡುವ ಹೆಸರು ಕ್ಯಾಮಲ್‌ಫರ್ಡ್. ಇಂಗ್ಲೆಂಡಿನ ಆ ಊರಲ್ಲಿ 1988ರ ಜುಲೈ 6ರಂದು 20 ಟನ್ ಅಲ್ಯೂಮಿನಿಯಂ ಸಲ್ಫೇಟ್ ತಪ್ಪು ತೊಟ್ಟಿಗೆ ಬಿದ್ದು ಸುಮಾರು 20,000 ಜನರ ನಲ್ಲಿಗೆ ಹರಿಯಿತು. ಕದಡಿದ ನೀರನ್ನು ತಿಳಿಯಾಗಿಸಲು ಊರೂರಲ್ಲಿ ಹಾಕುವ ಆಲಂ ಅದೇ. ಹದ ತಪ್ಪದಿದ್ದರೆ ಅದು ಕೆಸರಿನೊಂದಿಗೇ ತಳ ಸೇರುತ್ತದೆ.

ಇತ್ತ ಗಣಿ ಕಾರ್ಮಿಕರ ಕಥೆ ಮುಗಿದಿರಲಿಲ್ಲ. ಪುಡಿ ಉಸಿರಾಡಿದ್ದ ಒಂಟಾರಿಯೊ ಕಾರ್ಮಿಕರು ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರೆಂದು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿತು. ಜಿಮ್ ಹಾಬ್ಸ್ ಎಂಬ ಕಾರ್ಮಿಕನ ಮಗಳು ಜಾನಿಸ್ ಮಾರ್ಟೆಲ್ ಬೆನ್ನು ಹತ್ತಿ ನಡೆಸಿದ ಹೋರಾಟದ ಫಲವಾಗಿ 2020ರಲ್ಲಿ ಮತ್ತೊಂದು ಅಧ್ಯಯನ ಬಂತು. ಆ ಕಾರ್ಮಿಕರಲ್ಲಿ ಪಾರ್ಕಿನ್ಸನ್ ಕಾಯಿಲೆ ಹೆಚ್ಚೆಂದು ಅದು ತೋರಿಸಿತು. 2022ರಲ್ಲಿ ಒಂಟಾರಿಯೊ ಅದನ್ನು ಪರಿಹಾರಕ್ಕೆ ಅರ್ಹವಾದ ವೃತ್ತಿರೋಗವೆಂದು ಒಪ್ಪಿಕೊಂಡಿತು. ಶ್ವಾಸಕೋಶದ ದಾರಿ ಹೊಟ್ಟೆಯ ದಾರಿಯಂತಲ್ಲ ಎಂಬುದು ಇಲ್ಲಿನ ಮುಖ್ಯ ಮಾತು. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಸುಮಾರು 3.3 ಕೋಟಿ ಟನ್ ಹಿಟ್ಟುಮಣ್ಣಿನಲ್ಲೂ ಅಲ್ಯೂಮಿನಿಯಂ ಇದೆ, ಆದರೆ ಅದು ಖನಿಜದೊಳಗೆ ಬಿಗಿದುಕೊಂಡದ್ದು. ಗಾಳಿಗೆ ಏಳುವ ಆ ಧೂಳಿನಲ್ಲಿ ಅಂಜಬೇಕಾದದ್ದು ಸಿಲಿಕಾಗೆ.

ಈಗ ಅಡುಗೆಯ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒದ ಜಂಟಿ ತಜ್ಞ ಸಮಿತಿ 2011ರಲ್ಲಿ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ ಎಂದು ಮಿತಿ ಹಾಕಿತು. ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ 2008ರಲ್ಲಿ 1 ಮಿಲಿಗ್ರಾಂ ಎಂದಿತ್ತು. ಬಿಗಿಯಾದದ್ದನ್ನೇ ಹಿಡಿದರೂ 60 ಕಿಲೋ ತೂಕದವರಿಗೆ ವಾರಕ್ಕೆ 60 ಮಿಲಿಗ್ರಾಂ. ಅನ್ನ ಬೇಯಿಸಿದರೆ, ಹಾಲು ಕಾಯಿಸಿದರೆ, ಮುದ್ದೆಗೆ ಎಸರಿಟ್ಟರೆ ಪಾತ್ರೆಯಿಂದ ಬಿಡುವುದು ಅತ್ಯಲ್ಪ. ಹುಳಿ ಮತ್ತು ಉಪ್ಪು ಕೂಡಿದರೆ ಕಥೆ ಬದಲಾಗುತ್ತದೆ. ಲೋಹದ ಮೇಲೆ ತಾನಾಗಿ ಕಟ್ಟಿಕೊಳ್ಳುವ ಆಕ್ಸೈಡ್ ಪೊರೆಯೇ ಅದರ ರಕ್ಷಣೆ. ಹುಳಿ ಅದನ್ನು ಕರಗಿಸುತ್ತದೆ. ಟೊಮೆಟೊಗೆ ದೇಶದಲ್ಲೇ ಹೆಸರಾದ ಕೋಲಾರ ಜಿಲ್ಲೆಯಲ್ಲಿ ಟೊಮೆಟೊ, ಹುಣಸೆಹಣ್ಣು ಇಲ್ಲದ ಸಾರು ಎಲ್ಲಿದೆ? ಬೆಳಿಗ್ಗೆ ಕಾಯಿಸಿದ ಬಸ್ಸಾರನ್ನು ರಾತ್ರಿವರೆಗೂ ಸಿಲ್ವರ್ ತಪ್ಪಲೆಯಲ್ಲೇ ಇಡುವ ರೂಢಿಯನ್ನು ಬಿಟ್ಟರೆ ಅರ್ಧ ಸಮಸ್ಯೆ ಕಳೆಯಿತು. ಬಂಗಾರಪೇಟೆಗೆ ಕೀರ್ತಿ ತಂದ ಪಾನಿಪುರಿಯ ತಿಳಿನೀರಿಗೂ ಇದೇ ಮಾತು. ಹುಳಿ ನೀರು ಸ್ಟೀಲ್ ಪಾತ್ರೆಯಲ್ಲಿರಲಿ. ಕಪ್ಪಾದ ತಪ್ಪಲೆಯನ್ನು ಹುಣಸೆ ಹುಳಿ ಹಾಕಿ ಬೆಳ್ಳಗಾಗಿಸುವ ಹಳೆಯ ಉಪಾಯವೂ ಪೊರೆ ಕಳೆಯುವ ಕೆಲಸವೇ.

ನಮ್ಮ ಜಿಲ್ಲೆಗೆ ವಿಶೇಷವಾದ ಇನ್ನೊಂದು ಎಳೆ ಫ್ಲೋರೈಡ್. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ನೀರಿನಲ್ಲಿ, ಬಂಗಾರಪೇಟೆ ತಾಲ್ಲೂಕೂ ಸೇರಿದಂತೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಹಲವು ಕಡೆ ಸಿಕ್ಕಿದೆ. ಫ್ಲೋರೈಡ್ ನೀರಿನಲ್ಲಿ ಅಲ್ಯೂಮಿನಿಯಂ ವಿಪರೀತ ಕರಗುತ್ತದೆಂದು ಶ್ರೀಲಂಕಾದ ವಿಜ್ಞಾನಿಗಳು 1987ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದು ಸಂಚಲನ ಎಬ್ಬಿಸಿದರು. ಇತರರು ಪರೀಕ್ಷಿಸಿದಾಗ ಅಷ್ಟು ಸಿಗಲಿಲ್ಲ. ಅದೇ ವರ್ಷ ಅವರೇ ತಮ್ಮ ಅಂಕಿ ತಿದ್ದಿಕೊಂಡರು. ವಿಜ್ಞಾನದ ಮರ್ಯಾದೆ ಉಳಿಯುವುದು ಇಂಥ ತಿದ್ದುಪಡಿಯಿಂದ. ಆದರೆ ಮೊದಲ ಸುದ್ದಿ ಓಡಿದಷ್ಟು ದೂರ ತಿದ್ದುಪಡಿ ಓಡಲಿಲ್ಲ. ಇನ್ನೊಂದು ಸೋಜಿಗವೆಂದರೆ, ಫ್ಲೋರೈಡ್ ತೆಗೆಯಲು ನಾಗಪುರದ ನೀರಿ ಸಂಸ್ಥೆ ರೂಪಿಸಿದ ನಲಗೊಂಡ ವಿಧಾನದಲ್ಲಿ ಬಳಸುವುದೇ ಆಲಂ ಮತ್ತು ಸುಣ್ಣ. ಪ್ರಮಾಣ ತಪ್ಪಿದರೆ ಫ್ಲೋರೈಡ್ ಹೋಗಿ ಅಲ್ಯೂಮಿನಿಯಂ ಉಳಿಯುತ್ತದೆ. ಈಗ ಹಳ್ಳಿಗಳಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಆರ್‌ಒ ಘಟಕಗಳು ಎರಡನ್ನೂ ತಡೆಯುತ್ತವೆ, ಅವು ಕೆಟ್ಟು ನಿಲ್ಲದಿದ್ದರೆ.

ಇಷ್ಟೆಲ್ಲ ವರ್ಷ ನಾವು ಪಾತ್ರೆಯೊಳಗಿನ ತಪ್ಪು ಲೋಹವನ್ನು ಹುಡುಕುತ್ತಿದ್ದೆವು ಎಂದು ನನಗನ್ನಿಸಿದ್ದು ಸೀಸದ ಸುದ್ದಿ ಓದಿದ ಮೇಲೆ. 2017ರಲ್ಲಿ ಭಾರತವೂ ಸೇರಿ ಹತ್ತು ದೇಶಗಳ 42 ಅಲ್ಯೂಮಿನಿಯಂ ಪಾತ್ರೆಗಳನ್ನು ಪರೀಕ್ಷಿಸಿದಾಗ ಮೂರನೇ ಒಂದಕ್ಕಿಂತ ಹೆಚ್ಚು ಪಾತ್ರೆಗಳು ಅಪಾಯದ ಮಟ್ಟದಲ್ಲಿ ಸೀಸ ಬಿಟ್ಟವು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ, ಹಿಂಡಾಲಿಯಂ, ಇಂಡಾಲಿಯಂ ಎಂಬ ಹೆಸರಿನ ಮಿಶ್ರಲೋಹದ ಪಾತ್ರೆಗಳ ಬಗ್ಗೆ ಎಚ್ಚರಿಸಿತು. ಕಾರಣ ಗುಜರಿ. ಹಳೆಯ ಎಂಜಿನ್ ಭಾಗ, ರೇಡಿಯೇಟರು, ಎಲೆಕ್ಟ್ರಾನಿಕ್ ಕಸ ಎಲ್ಲವೂ ಒಂದೇ ಕುಲುಮೆಗೆ ಬಿದ್ದರೆ ಎರಕದಲ್ಲಿ ಸೀಸ ಸೇರುತ್ತದೆ. ಸೀಸಕ್ಕೆ ಸುರಕ್ಷಿತ ಮಟ್ಟವೇ ಇಲ್ಲ, ಪೆಟ್ಟು ಬೀಳುವುದು ಮಕ್ಕಳ ಮಿದುಳಿಗೆ. ಡಾ. ತುಪ್ಪಿಲ್ ವೆಂಕಟೇಶ್ ಮುಂತಾದವರು ಬೆಂಗಳೂರಿನಿಂದಲೇ 1999ರಲ್ಲಿ ಸೀಸದ ಈ ಅಪಾಯವನ್ನು ದೇಶದ ಗಮನಕ್ಕೆ ತಂದರು, ಮರುವರ್ಷ ಪೆಟ್ರೋಲಿನಿಂದ ಸೀಸ ಹೋಯಿತು. ಪಾತ್ರೆಯಲ್ಲಿ ಮಾತ್ರ ಉಳಿದುಕೊಂಡಿದೆ.

ಪರಿಸರದ ದೃಷ್ಟಿಯಿಂದ ಇಲ್ಲೊಂದು ಇಕ್ಕಟ್ಟು. ಬಾಕ್ಸೈಟ್‌ನಿಂದ ಅಲ್ಯೂಮಿನಾ ತೆಗೆಯುವಾಗ ಬರುವ ಕೆಂಪು ಕೆಸರು ಕ್ಷಾರಮಯ. ನಮ್ಮ ಬೆಳಗಾವಿಯ ಘಟಕದಲ್ಲೂ ಅದರ ರಾಶಿಯಿದೆ. 2010ರ ಅಕ್ಟೋಬರ್‌ನಲ್ಲಿ ಹಂಗೆರಿಯ ಆಯ್ಕಾದಲ್ಲಿ ಅಂಥ ಕಟ್ಟೆ ಒಡೆದು ಹತ್ತು ಜನ ಸತ್ತರು. ಗುಜರಿ ಕರಗಿಸಿದರೆ ಹೊಸ ಲೋಹಕ್ಕೆ ಬೇಕಾಗುವ ವಿದ್ಯುತ್ತಿನ ಇಪ್ಪತ್ತನೇ ಒಂದು ಪಾಲು ಸಾಕು. ಹಾಗಾಗಿ ಮರುಬಳಕೆ ಬೇಕೇ ಬೇಕು, ಆದರೆ ಕಿಟಕಿ ಚೌಕಟ್ಟಿಗೆ, ಯಂತ್ರದ ಭಾಗಕ್ಕೆ. ಮಗುವಿನ ಸಾರಿನ ತಪ್ಪಲೆಗಲ್ಲ.

2024ರಲ್ಲಿ ಕೇಂದ್ರ ಸರ್ಕಾರ ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತನ್ನು ಕಡ್ಡಾಯ ಮಾಡುವ ಆದೇಶ ಹೊರಡಿಸಿತು. ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಪಾತ್ರೆಗಳ ತಳ ತಿರುಗಿಸಿ ನೋಡಿ, ಆ ಗುರುತು ಇಲ್ಲದಿದ್ದರೆ ಕೊಳ್ಳಬೇಡಿ. ಮನೆಯಲ್ಲಿ ಡಯಾಲಿಸಿಸ್ ರೋಗಿಯಿದ್ದರೆ ಅವರ ಅಡುಗೆಯನ್ನು ಸ್ಟೀಲಿಗೆ ಬದಲಿಸಿ. ಕೋಲಾರದ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲಿನ ಎಣ್ಣೆ ಪರೀಕ್ಷಿಸುವಂತೆ ಸಂತೆಯ ತಪ್ಪಲೆಗಳನ್ನೂ ಸೀಸಕ್ಕಾಗಿ ಪರೀಕ್ಷಿಸಬೇಕು.