ಘಟ್ಟದ ಸೇತುವೆಗಳು

ಸೇತುವೆಗೆ ಮುಪ್ಪು ಬರುವುದು ವರ್ಷಗಳಿಂದಲೋ, ಹೊರೆಯಿಂದಲೋ? ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಕಾವೇರಿಯ ಎಷ್ಟೋ ಪ್ರವಾಹಗಳನ್ನು ಕಂಡೂ ನಿಂತಿವೆ. ಸಕಲೇಶಪುರ ಘಟ್ಟದ ರೈಲುಸೇತುವೆಗಳಾದರೋ ಹದಿನೇಳೇ ವರ್ಷಗಳಲ್ಲಿ ಕಾಲಕ್ಕೆ ಸಾಲದವಾದುವು.

ಹಾಸನದಿಂದ ಮಂಗಳೂರಿನವರೆಗಿನ ಮೀಟರ್‌ಗೇಜ್ ದಾರಿ ತೆರೆದುದು 1979ರಲ್ಲಿ. ಅದಕ್ಕೆ ಮೊದಲು ಬೆಂಗಳೂರಿನವರು ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದರೆ ಪಾಲಘಾಟನ್ನು ಬಳಸಬೇಕಾಗಿದ್ದಿತು. ನಮ್ಮ ರಾಜ್ಯದ ಎರಡು ಊರುಗಳಿಗೆ ಇದೆಂತಹ ಸುತ್ತು! ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಸುಮಾರು 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳು, 109 ಸೇತುವೆಗಳು. ದೋಣಿಗಲ್ ದಾಟಿದರೆ, ಐವತ್ತು ಅಡಿಗೆ ಒಂದಡಿಯಂತೆ ಇಳಿಜಾರು.

1996ರಲ್ಲಿ ಈ ಘಟ್ಟದ ಸಂಚಾರವನ್ನು ನಿಲ್ಲಿಸಲಾಯಿತು. 1000 ಮಿಲಿಮೀಟರಿನ ಹಳಿ 1676ಕ್ಕೆ ಅಗಲವಾಗಬೇಕಾಗಿದ್ದಿತು. ಹಳಿ ಅಗಲವಾದರೆ ಗಾಡಿಯ ಭಾರ ಹೆಚ್ಚುವುದು. ಭಾರ ಹೆಚ್ಚಿದರೆ ಸೇತುವೆಯನ್ನೂ ಬಲಪಡಿಸಲೇಬೇಕು. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಅಲ್ಲಿಯವರೆಗೆ ಆಲೂರು, ಸಕಲೇಶಪುರದವರಿಗೆ ಕರಾವಳಿಗೆ ಇಳಿಯಲು ಮಳೆಗಾಲದಲ್ಲಿಯೂ ಶಿರಾಡಿಯ ರಸ್ತೆಯೇ ಗತಿಯಾಯಿತು. ಭದ್ರತೆಗಾಗಿ ಜನರನ್ನು ಕಾಯಿಸಿದುದು ನ್ಯಾಯ. ಹನ್ನೊಂದು ವರ್ಷ ಕಾಯಿಸಿದುದು ನ್ಯಾಯವೆಂದು ನನಗೆ ತೋರದು. ಹೊಸ ಹಳಿಯ ಮೇಲೆ 2006ರ ಮೇ ತಿಂಗಳಿನಲ್ಲಿ ಮೊದಲು ಓಡಿದುವು ಸರಕಿನ ಗಾಡಿಗಳು. ಪ್ರಯಾಣಿಕರ ಸರದಿ ಬಂದುದು 2007ರ ಡಿಸೆಂಬರಿನಲ್ಲಿ.