ಸಣ್ಣ ಫ್ಯಾಬ್ರಿಕೇಷನ್ ಘಟಕಗಳು: ಕಬ್ಬಿಣಕ್ಕೆ ನಗದು, ಕೆಲಸಕ್ಕೆ ಉದ್ರಿ

ಗೇಟು, ಕಿಟಕಿ ಗ್ರಿಲ್ಲು, ಶೆಡ್ಡಿನ ಟ್ರಸ್ಸು ಮಾಡಿಕೊಡುವ ವೆಲ್ಡಿಂಗ್ ಶಾಪುಗಳು ಪ್ರತಿ ಊರಲ್ಲೂ ಇವೆ. ಬೆಂಗಳೂರಿನ ಪೀಣ್ಯ, ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆಯಂಥ ಕಡೆ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಜಾಬ್‌ವರ್ಕ್ ಘಟಕಗಳಿವೆ. ಯಂತ್ರಗಳ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ರೂಪಾಯಿ ಮೀರದಿದ್ದರೆ 2025ರ ಏಪ್ರಿಲ್‌ನಿಂದ ಇವೆಲ್ಲ ‘ಅತಿ ಸಣ್ಣ’ ಉದ್ಯಮಗಳೇ. ತಗಡಿನ ಚಪ್ಪರದಡಿ ಒಂದು ವೆಲ್ಡಿಂಗ್ ಸೆಟ್ ಇಟ್ಟುಕೊಂಡವನನ್ನೂ ಸಿಎನ್‌ಸಿ ಬೆಂಡಿಂಗ್ ಯಂತ್ರವುಳ್ಳವನನ್ನೂ ಒಂದೇ ತಕ್ಕಡಿಗೆ ಹಾಕುವ ವಿಂಗಡಣೆ ಇದು.

ಕಬ್ಬಿಣದ ದರ

ಒಂದು ಮಿಲಿಮೀಟರ್ ದಪ್ಪದ, ಒಂದು ಚದರ ಮೀಟರ್ ಉಕ್ಕಿನ ಹಾಳೆ 7.85 ಕೆಜಿ ತೂಗುತ್ತದೆ. ಲೆಕ್ಕವೆಲ್ಲ ಈ ತೂಕದ ಮೇಲೆಯೇ. ಕತ್ತರಿಸಿ ಉಳಿದ ತುಂಡಿಗೂ ಹಾಳೆಯ ದರವನ್ನೇ ಕೊಟ್ಟಿರಬೇಕು, ಮಾರುವಾಗ ಅದು ಗುಜರಿ. ಕೊಟೇಷನ್ ಬರೆದ ದಿನದ ದರ ಮಾಲು ತರುವ ದಿನಕ್ಕೆ ಏರಿದ್ದರೆ ವ್ಯತ್ಯಾಸವೂ ಶಾಪಿನವನದೇ. ಇಳಿದರೂ ಕಷ್ಟ ತಪ್ಪದು. 2022ರ ಮೇನಲ್ಲಿ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿಗೆ ಶೇ 15ರ ರಫ್ತು ಸುಂಕ ಹಾಕಿದ ಮೇಲೆ ದರ ಕುಸಿಯಿತು. ಏಪ್ರಿಲ್‌ನ ದುಬಾರಿ ದರದಲ್ಲಿ ದಾಸ್ತಾನು ಮಾಡಿದ್ದವರು ಕೈ ಸುಟ್ಟುಕೊಂಡರು. ನವೆಂಬರ್‌ನಲ್ಲಿ ಆ ಸುಂಕ ಹಿಂದಕ್ಕೆ ಹೋಯಿತು.

ಬಾರದ ಬಾಕಿ

ನಿಜವಾದ ಪೆಟ್ಟು ಬೀಳುವುದು ಇಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. ಕಬ್ಬಿಣಕ್ಕೆ 1,00,000 ರೂಪಾಯಿ, ಕೂಲಿ, ಕರೆಂಟು, ಬಾಡಿಗೆಗೆ 50,000, ಬಿಲ್ಲು 1,80,000. ಕಾಗದದ ಮೇಲೆ 30,000 ಲಾಭ. ಬಿಲ್ಲಿನ ಮೇಲೆ ಶೇ 18ರ ಜಿಎಸ್‌ಟಿ 32,400. ಅದರಲ್ಲಿ 18,000 ಕಬ್ಬಿಣದ ಅಂಗಡಿಗೆ ಆಗಲೇ ಹೋಗಿದೆ, ಉಳಿದದ್ದನ್ನು ಮರುತಿಂಗಳೇ ಕಟ್ಟಬೇಕು, ಗಿರಾಕಿ ಹಣ ಕೊಡಲಿ ಬಿಡಲಿ. ಅಲ್ಲಿಗೆ ಕೈಯಿಂದ ಹೋದದ್ದು 1,82,400. ಇದನ್ನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದು, ಬಿಲ್ಲಿನ ದುಡ್ಡು ಬರಲು ಮೂರು ತಿಂಗಳಾದರೆ ಬಡ್ಡಿಯೇ ಸುಮಾರು 11,000. ಲಾಭದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಬ್ಯಾಂಕಿನಿಂದ ಸಾಲ ಪಡೆಯುವ ಕಂಪನಿಗೆ ಬ್ಯಾಂಕೇ ಸಿಗದ ವೆಲ್ಡರ್ ಬಡ್ಡಿಯಿಲ್ಲದೆ ಸಾಲ ಕೊಟ್ಟಂತಾಯಿತು.

ಕಾನೂನು ಇದೆ

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವಿನೊಳಗೆ ಕೊಡದ ಮೊತ್ತವನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚೆಂದು ತೋರಿಸಬೇಕೆಂಬ ಆದಾಯ ತೆರಿಗೆ ನಿಯಮವೂ 2024ರ ಏಪ್ರಿಲ್‌ನಿಂದ ಬಂದಿದೆ. ಆದರೆ ಇರುವ ಒಬ್ಬನೇ ದೊಡ್ಡ ಗಿರಾಕಿಯ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳಲು ಯಾರಿಗೆ ಧೈರ್ಯ? ಉದ್ಯಮ್ ನೋಂದಣಿಯೇ ಇಲ್ಲದವರಿಗಂತೂ ದೂರು ಕೊಡುವ ದಾರಿಯೂ ಇಕ್ಕಟ್ಟು.

ಯಂತ್ರ ಮತ್ತು ಕೈಕೆಲಸ

ಗ್ರಿಲ್ಲಿನ ಕೆಲಸವನ್ನು ಯುಪಿವಿಸಿ ಕಿಟಕಿ, ರೆಡಿಮೇಡ್ ಉಕ್ಕಿನ ಬಾಗಿಲು ಕಸಿಯುತ್ತಿವೆ. ಜಾಬ್‌ವರ್ಕ್‌ನಲ್ಲಿ ಫೈಬರ್ ಲೇಸರ್ ಕಟಿಂಗ್ ಬಂದಮೇಲೆ ಗ್ಯಾಸ್ ಕಟಿಂಗಿನ ಅಂಚನ್ನು ಗ್ರೈಂಡ್ ಮಾಡಿ ಒಪ್ಪಿಸುವವನಿಗೆ ಬೇಡಿಕೆ ತಗ್ಗಿದೆ. ಸಾಲ ಮಾಡಿ ಲೇಸರ್ ತಂದವನಿಗೂ ನೆಮ್ಮದಿಯಿಲ್ಲ: ಯಂತ್ರ ಸುಮ್ಮನೆ ನಿಂತರೂ ಕಂತು ನಿಲ್ಲದು, ವಿದ್ಯುತ್ತಿನ ನಿಗದಿತ ಶುಲ್ಕವೂ ನಿಲ್ಲದು. ಹಾಗಾಗಿ ಅವನು ಅರ್ಧ ದರಕ್ಕೂ ಕೆಲಸ ಹಿಡಿಯುತ್ತಾನೆ, ಪಕ್ಕದ ಶಾಪಿನವನೂ ಅದೇ ದರಕ್ಕೆ ಇಳಿಯಬೇಕಾಗುತ್ತದೆ.